ಕರ್ಜಗಿಯ ಚೆಂಡು ಹೂವಿನ ಬೀಜ

ಚೆಂಡು ಹೂವಿನ ಎಲೆಯನ್ನು ಬೆರಳಲ್ಲಿ ಹೊಸಕಿ ನೋಡಿದ್ದೀರಾ? ಹೂವಿಗಿಂತ ಎಲೆಯ ವಾಸನೆಯೇ ಜೋರು. ಘಾಟೂ ಅಲ್ಲ, ಕಂಪೂ ಅಲ್ಲ, ಎರಡರ ನಡುವಿನದೇನೋ. ಒಮ್ಮೆ ಕೈಗೆ ಹತ್ತಿತೆಂದರೆ ಸೀಗೇಕಾಯಿ ಹಾಕಿ ತಿಕ್ಕಿದರೂ ಹೊತ್ತು ಮುಳುಗುವವರೆಗೆ ಬಿಡುವುದಿಲ್ಲ. ಮೊನ್ನೆ ಪೂಜೆಗೆಂದು ತರಿಸಿದ ಹಾರದಲ್ಲಿ ಹೂಗಾರ ಒಂದೆರಡು ಎಲೆಯನ್ನೂ ಸೇರಿಸಿ ಕಟ್ಟಿಬಿಟ್ಟಿದ್ದ. ಅವನ್ನು ಕಿತ್ತು ತೆಗೆಯುವಾಗ ಬೆರಳಿಗೆ ಆ ವಾಸನೆ ಹತ್ತಿತು. ಈ ವಯಸ್ಸಿನಲ್ಲಿ ಕನ್ನಡಕ ಎಲ್ಲಿಟ್ಟೆನೆಂಬುದೇ ನನಗೆ ನೆನಪಿರುವುದಿಲ್ಲ. ಆದರೆ ಆ ವಾಸನೆ ಬಂದದ್ದೇ ತಡ, ನಾನು ಎಂಟು ವರ್ಷದ ಹುಡುಗಿಯಾಗಿ ಬ್ಯಾಡಗಿ ಸ್ಟೇಷನ್ನಿನ ಕ್ವಾರ್ಟರ್ಸಿನ ಹಿತ್ತಲಲ್ಲಿ ಅವ್ವನ ಬೆನ್ನಿಗೆ ಆತುಕೊಂಡು ಕುಳಿತಿದ್ದೆ.

ಅಪ್ಪ ರೈಲ್ವೆಯಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದರು. ಅದು ಯುದ್ಧದ ಕಾಲ. ಮೊದಲು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ವರ್ಗದ ಹುಕುಂ ಆಗ ವರ್ಷಕ್ಕೊಮ್ಮೆ ಬರತೊಡಗಿತ್ತು. ಹಾಗಾಗಿ ನಮ್ಮ ಸಂಸಾರ ಕಟ್ಟಲೂ ಬಿಚ್ಚಲೂ ಹಗುರವಾಗಿತ್ತು: ನಾಲ್ಕು ಹಿತ್ತಾಳೆ ಪಾತ್ರೆ, ಎರಡು ಹಾಸಿಗೆ, ಒಂದು ಬೀಸುವ ಕಲ್ಲು, ಅವ್ವನ ಹಸಿರು ಟ್ರಂಕು. ಆ ಟ್ರಂಕಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಚೆಂಡು ಹೂವಿನ ಬೀಜ. ಅದು ಅವ್ವನ ತವರು ಕರ್ಜಗಿಯದು. ಅಲ್ಲಿ ಅಜ್ಜಿ ಹೊಲದ ಬದುವಿನುದ್ದಕ್ಕೂ ಅಂಗೈ ಅಗಲದ ಕೇಸರಿ ಹೂ ಬೆಳೆಸುತ್ತಿದ್ದಳಂತೆ. ಅಜ್ಜಿ ತೀರಿಕೊಂಡ ಮೇಲೆ ಆ ಮನೆಯ ಬಾಗಿಲು ಮುಚ್ಚಿತು, ಹೊಲ ಬೇರೆಯವರ ಪಾಲಾಯಿತು. ಅವ್ವನಿಗೆ ತವರೆಂದು ಉಳಿದದ್ದು ಆ ಒಂದು ಗಂಟು. ಅದೂ ಅವಳೊಡನೆ ಚೆಲ್ಲಾಟವಾಡುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಹರಿಹರದ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಬಿತ್ತಿದಳು, ಸಸಿಯನ್ನೆಲ್ಲ ಆಡು ಮೇಯ್ದವು. ದೇವರಗುಡ್ಡದಲ್ಲಿ ಬಿತ್ತಿದಳು, ಮೊಗ್ಗು ಬಿಡುವ ಹೊತ್ತಿಗೆ ವರ್ಗವಾಯಿತು. ನಮ್ಮ ಹಿಂದೆ ಅಲ್ಲಿಗೆ ಬಂದ ಪುಣ್ಯಾತ್ಮರು ಒಣಗಿದ ಹೂಗಳನ್ನು ರೈಲಿನ ಗಾರ್ಡ್ ಕೈಯಲ್ಲಿ ಕಳಿಸಿಕೊಟ್ಟರು. ಬೀಜವೇನೋ ತಿರುಗಿ ಬಂತು, ಆದರೆ ತವರಿನ ಹೂ ಅರಳಿದ್ದನ್ನು ಅವ್ವ ಮದುವೆಯಾದಾಗಿನಿಂದ ಒಮ್ಮೆಯೂ ಕಂಡಿರಲಿಲ್ಲ.

ಬ್ಯಾಡಗಿಯಲ್ಲಿ ಆ ವರ್ಷ ಎಳ್ಳಮಾಸಿಯ ದಿನ, ಅಂದರೆ ಎಳ್ಳು ಅಮಾವಾಸ್ಯೆಗೆ, ಬಿತ್ತಿದೆವು. ಊರವರೆಲ್ಲ ಚಕ್ಕಡಿ ಕಟ್ಟಿಕೊಂಡು, ಕಡುಬು, ಸಜ್ಜಿ ರೊಟ್ಟಿ ಹೊತ್ತು ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಿದ್ದರು. ನಮಗೆ ಹೊಲವೆಲ್ಲಿಯದು? ಅವ್ವ ಹಿತ್ತಲಿನ ಬಾವಿಯ ಪಕ್ಕ ಮಂಚದಷ್ಟು ಜಾಗ ಅಗೆದು, ಹೆಂಟೆ ಒಡೆದು, ಪಾತಿ ಮಾಡಿದ್ದಳು. ಚಳಿಗಾಲವೆಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕಾಲ. ಗೂಡ್ಸ್ ಶೆಡ್ಡಿನ ಮುಂದೆ ಚೀಲಗಳ ಗುಡ್ಡ ಬಿದ್ದಿರುತ್ತಿತ್ತು, ಗಾಳಿ ಆ ಕಡೆಯಿಂದ ಬೀಸಿದರೆ ದೇವರ ಮುಂದೆ ಕುಳಿತ ಅಪ್ಪನೂ ಮಂತ್ರ ಬಿಟ್ಟು ಸೀನುತ್ತಿದ್ದರು. ನಾವಿಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಿತ್ತಲು ಕುಳಿತೆವು. ಅವ್ವ ಗಂಟಿನ ಬೀಜದಲ್ಲಿ ಅರ್ಧ ತೆಗೆದು ಅರ್ಧ ತಿರುಗಿ ಕಟ್ಟಿಟ್ಟಳು. ಅದು ಅವಳ ಪದ್ಧತಿ, ಎಂದೂ ಪೂರ್ತಿ ಬಿತ್ತುವವಳಲ್ಲ. ತೆಗೆದ ಬೀಜಕ್ಕೆ ಒಲೆಯ ಬೂದಿ, ಸಣ್ಣ ಉಸುಕು ಕಲಸಿ, ಮೂರು ಬೆರಳಲ್ಲಿ ಹಿಡಿದು ಗೆರೆಯುದ್ದಕ್ಕೂ ಉದುರಿಸಿದಳು. ಮೇಲೆ ಜರಡಿಯಾಡಿಸಿದ ಗೊಬ್ಬರ, ಅದರ ಮೇಲೆ ಜೋಳದ ದಂಟಿನ ಹೊದಿಕೆ. ಕೊನೆಗೆ ಪಾತಿಯ ನಾಲ್ಕೂ ಮೂಲೆಗೆ ಒಂದೊಂದು ಚಿಟಿಕೆ ಕಡುಬಿನ ಚೂರು ಇಟ್ಟಳು. ಅದು ಇರುವೆಗಳಿಗೆ.

"ಮೊದ್ಲ ಉಂಡ್ರ ಬೀಜದ ತಂಟೆಕ್ಕ ಬರೂದಿಲ್ಲ. ಇದ ನಮ್ಮ ಚರಗ" ಎಂದಳು.

ಡ್ಯೂಟಿ ಮುಗಿಸಿ ಬಂದ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು, "ಎಷ್ಟ ಕೂರಿಗಿ ಬಿತ್ತಿದ್ರಿ ಗೌಡತೇರ?" ಎಂದು ಕೆಣಕಿದರು.

"ನೀವು ನಿಮ್ಮ ಗಾಡಿ ನೋಡ್ಕೊಳ್ರಿ. ಹೊಲದ ಸುದ್ದಿ ನಮಗಿರ್ಲಿ" ಎಂದು ಅವ್ವ ತಲೆ ಎತ್ತದೆ ಹೇಳಿದಳು. ಅವಳು ಅಷ್ಟು ಹಗುರವಾಗಿ ಮಾತಾಡುತ್ತಿದ್ದುದು ಬಿತ್ತುವ ದಿನ ಮಾತ್ರ.

ಐದಾರು ದಿನಕ್ಕೆ ದಂಟಿನ ಸಂದಿಯಲ್ಲಿ ಹಸಿರು ಕಂಡಿತು. ಬೆಳಿಗ್ಗೆ ಎದ್ದವಳೇ ನಾನು ಹಿತ್ತಲಿಗೆ ಓಡುತ್ತಿದ್ದೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಎರಡೆರಡು ಎಲೆಯ ಪುಟ್ಟ ಸಸಿಗಳ ಮೇಲೆ ಇಬ್ಬನಿ ಕುಳಿತಿರುತ್ತಿತ್ತು. ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ನೀರು ಹಾಕುವುದು ನನ್ನ ಕೆಲಸ. ಮೊದಲ ಹೂ ದೇವರಿಗೆ, ಎರಡನೆಯದು ಅವ್ವನ ಜಡೆಗೆ, ಮೂರನೆಯದು ನನಗೆ ಎಂದು ನಾನು ಮನಸ್ಸಿನಲ್ಲೇ ಹಂಚಿ ಮುಗಿಸಿದ್ದೆ. ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಸಸಿಗಳು ಗೇಣುದ್ದ ಆದವು. ಆಗ ಹುಕುಂ ಬಂತು. ಹಾವೇರಿಗೆ ವರ್ಗ, ಎಂಟು ದಿನದೊಳಗೆ ಹಾಜರಾಗಬೇಕು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಹೇಳಿದ್ದನ್ನು ಕೇಳಿ ಒಂದು ಗಳಿಗೆ ಕೈ ನಿಲ್ಲಿಸಿದಳು, ಮತ್ತೆ ತಟ್ಟಿದಳು. ಆ ರೊಟ್ಟಿ ಹರಿಯಿತು. ಅವಳ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ ಅವಳು ಒಲೆಯನ್ನು ಸೆಗಣಿಯಿಂದ ಸಾರಿಸಿ, ಪಾತಿಗೆ ಎರಡು ಕೊಡ ನೀರು ಹೆಚ್ಚೇ ಹಾಕಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಬಿತ್ತಿದ್ದು ನಾವು. ಅವ್ರು ಯಾಕ ಮುಡೀಬೇಕು?"

"ಹಿಂದ ಬರೂವ್ರಿಗೆ ಬರೇ ಮಣ್ಣ ಕಾಣಬಾರದವಾ" ಎಂದಳು ಅವ್ವ. "ಒಲಿ ಸಾರಿಸಿ, ಕೊಡಾ ತುಂಬಿಸಿ, ಪಾತಿ ಹಸರ ಬಿಟ್ಟು ಹೋಗಬೇಕು. ನಮ್ಮ ಕ್ವಾರ್ಟರ್ಸಿನ ಹೆಣಮಕ್ಕಳ ಪದ್ಧತಿ ಇದು."

ಪದ್ಧತಿಯ ಮಾತು ನನ್ನ ತಲೆಗೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಅವ್ವ ಇಬ್ಬರೂ ಸಾಮಾನು ಸಾಗಿಸಲು ಪ್ಲಾಟ್‌ಫಾರ್ಮಿಗೆ ಹೋಗಿದ್ದರು. ನಾನು ಹಿತ್ತಲಿಗೆ ಹೋಗಿ ಒಂದು ತುದಿಯಿಂದ ಹಿಡಿದು ಒಂದೂ ಬಿಡದೆ ಎಲ್ಲ ಸಸಿಗಳನ್ನು ಕಿತ್ತೆ. ಹಸಿ ಮಣ್ಣು, ಬೇರು ಸಲೀಸಾಗಿ ಬಂತು. ಕಿತ್ತದ್ದನ್ನೆಲ್ಲ ಬಾವಿಯ ಹಿಂದಿನ ತಿಪ್ಪೆಗೆ ಒಗೆದು ಬಚ್ಚಲಲ್ಲಿ ಕೈ ತೊಳೆದುಕೊಂಡೆ. ಕೀಳುವಾಗ ಇದ್ದ ಖುಷಿ ಕೈ ತೊಳೆಯುವಾಗ ಇರಲಿಲ್ಲ. ಬರಿದಾದ ಪಾತಿಯ ಕಡೆ ತಿರುಗಿ ನೋಡಲು ಧೈರ್ಯವಾಗದೆ ಸ್ಟೇಷನ್ನಿಗೆ ಓಡಿದೆ.

ಗಾಡಿ ಹೊರಟಿತು. ಕಿಟಕಿಯಿಂದ ಚಳಿ ಗಾಳಿ ನುಗ್ಗುತ್ತಿತ್ತು. ಅವ್ವ ನನ್ನ ಬಲಗೈ ಹಿಡಿದು ತನ್ನ ಮುಖದ ಹತ್ತಿರ ಒಯ್ದಳು. ಚಳಿಗೆ ಉಸಿರು ಕೊಟ್ಟು ಬೆಚ್ಚಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ಬಹಳ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಾವೇರಿ ಬರುವವರೆಗೆ ಹೊರಗೆ ನೋಡುತ್ತ ಕುಳಿತಳು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಲು ನಾನು ತಯಾರಾಗಿಯೇ ಇದ್ದೆ.

ಹಾವೇರಿಯ ಕ್ವಾರ್ಟರ್ಸಿನ ಬಾಗಿಲು ತೆರೆದಾಗ ಒಲೆ ಸಾರಿಸಿತ್ತು, ಕೊಡ ತುಂಬಿತ್ತು. ಹಿತ್ತಲ ಬಾಗಿಲು ತೆಗೆದರೆ ಗೋಡೆಯುದ್ದಕ್ಕೂ ಹಳದಿ ಚೆಂಡು ಹೂ ಮೈತುಂಬ ಅರಳಿ ನಿಂತಿತ್ತು. ಅಡುಗೆ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಯಾರೋ ಬರೆದಿದ್ದರು: "ಹೂವಿಗೆ ದಿನಾ ಒಂದು ಕೊಡ ನೀರು ಹಾಕಿರಿ. ಕೆಂಪು ಆಕಳು ಒಳಗೆ ಬರುತ್ತದೆ, ಜೋಕೆ." ಅಪ್ಪ ಅದನ್ನು ಓದಿ ಜೋರಾಗಿ ನಕ್ಕರು. ಅವ್ವ ಒಂದು ಹೂ ಕಿತ್ತು ನನ್ನ ಜಡೆಗೆ ಮುಡಿಸಿದಳು. ನನಗೆ ತಲೆಯ ಮೇಲೆ ಬೀಸುವ ಕಲ್ಲು ಇಟ್ಟಂತಾಯಿತು. ಕಂಡರಿಯದ ಯಾರೋ ಹೆಂಗಸು ನನಗಾಗಿ ಹೂ ಬಿಟ್ಟು ಹೋಗಿದ್ದಳು. ನಾನು ಬ್ಯಾಡಗಿಗೆ ಬರುವವರಿಗೆ ಬರಿ ಮಣ್ಣು ಬಿಟ್ಟು ಬಂದಿದ್ದೆ. ಅವತ್ತು ಹೊಟ್ಟೆನೋವೆಂದು ಹೇಳಿ ಉಣ್ಣದೆ ಮಲಗಿದೆ.

ಹೇಗಾದರೂ ಸರಿಪಡಿಸಬೇಕೆಂದು ನಾಲ್ಕಾರು ದಿನದ ಮೇಲೆ ಟ್ರಂಕಿನ ಡಬ್ಬಿ ತೆರೆದೆ. ಉಳಿದರ್ಧ ಬೀಜವನ್ನು ಇಲ್ಲೇ ಬಿತ್ತಿ, ಅವ್ವನಿಗೆ ತವರಿನ ಹೂ ತೋರಿಸಿಬಿಡುವ ಹಂಚಿಕೆ ನನ್ನದು. ಡಬ್ಬಿ ಖಾಲಿ ಇತ್ತು.

"ಅವ್ವಾ, ಬೀಜ ಎಲ್ಲಿ?"

"ಇಲಿ ತಿಂದ್ವು" ಎಂದಳು, ಅಕ್ಕಿ ಆರಿಸುತ್ತ.

ತಗಡಿನ ಡಬ್ಬಿಯನ್ನು ಇಲಿ ಹೇಗೆ ತೆರೆಯಿತೆಂದು ಕೇಳುವ ಬುದ್ಧಿ ನನಗಿರಲಿಲ್ಲ. ತವರಿನ ಬೀಜದ ಕಟ್ಟಕಡೆಯ ಸಸಿಗಳನ್ನು ನಾನೇ ಕಿತ್ತು ಒಗೆದೆನೆಂಬುದಷ್ಟೇ ತಿಳಿಯಿತು. ಹೇಳಿಬಿಡೋಣ ಎಂದು ಎಷ್ಟೋ ಸಲ ಅವಳ ಬೆನ್ನ ಹಿಂದೆ ಹೋಗಿ ನಿಂತೆ. ಪ್ರತಿ ಸಲವೂ ನೀರಿನ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟೆ.

ಪ್ಯಾಸೆಂಜರ್ ಗಾಡಿಯ ಗಾರ್ಡ್ ಕಾಕಾ ಆ ಲೈನಿನ ಹೆಂಗಸರಿಗೆಲ್ಲ ಟಪಾಲಿನವನಿದ್ದಂತೆ. ಉಪ್ಪಿನಕಾಯಿ, ಹಪ್ಪಳ, ಕೂಸಿನ ಕುಲಾಯಿ, ಸುದ್ದಿ, ಎಲ್ಲವೂ ಗಾಡಿಯ ಕೊನೆಗಿದ್ದ ಅವರ ಬ್ರೇಕ್ ವ್ಯಾನಿನಲ್ಲಿ ಓಡಾಡುತ್ತಿದ್ದವು. ಬ್ಯಾಡಗಿಯಲ್ಲಿ ನಾವು ಬಿಟ್ಟ ಮನೆಗೆ ಬಂದಿದ್ದವರು ಖತೀಜಾಬಿ ಎಂಬ ಹೆಂಗಸು, ಅಲ್ಲಿನ ಹೊಸ ಕ್ಲಾರ್ಕಿನ ಹೆಂಡತಿ. ಕಾಕಾ ಹಿತ್ತಲಿಗೆ ಬಂದು ಚಹಾ ಕುಡಿಯುವಾಗಲೆಲ್ಲ ಈಗ ಬ್ಯಾಡಗಿಯ ಪಾತಿಯ ಸುದ್ದಿ ತೆಗೆಯುತ್ತಾರೆಂದು ನಾನು ಬಾಗಿಲ ಹಿಂದೆ ಸೇರಿಕೊಳ್ಳುತ್ತಿದ್ದೆ. ಚಳಿ ಹೋಗಿ ಬಿಸಿಲು ಏರುತ್ತಿದ್ದ ಒಂದು ದಿನ ಅವರು ತೆಗೆದೇ ಬಿಟ್ಟರು.

"ತಂಗೀ, ಬ್ಯಾಡಗಿ ಖತೀಜಾಬಿ ಹೇಳಿ ಕಳಿಸ್ಯಾರ. ಪಾತಿ ತುಂಬ ಮೊಗ್ಗ ಬಂದಾವಂತ."

"ಬರ್ಲಿ ಬಿಡ್ರಿ" ಎಂದಳು ಅವ್ವ. ಅವಳ ಮುಖ ಅರಳಿತು.

ನಾನು ದಂಗಾದೆ. ಬುಡಸಹಿತ ಕಿತ್ತ ಸಸಿ ಮೊಗ್ಗು ಬಿಡುವುದುಂಟೆ? ನಾನು ದಿನವೂ ಗುಟ್ಟಾಗಿ ಬಸವಣ್ಣನ ಗುಡಿಗೆ ಹೋಗಿ ತಲೆ ಚಚ್ಚಿಕೊಂಡದ್ದರ ಫಲ ಅದೆಂದು ನಂಬಿಬಿಟ್ಟೆ. ಆ ವಾರ ಬಸವಣ್ಣನಿಗೆ ನನ್ನ ಪಾಲಿನ ಬೆಲ್ಲವನ್ನೆಲ್ಲ ಸಲ್ಲಿಸಿದೆ.

ಯುಗಾದಿಯ ನಂತರ ರಾಣೆಬೆನ್ನೂರಿನಲ್ಲಿ ನೆಂಟರ ಮದುವೆಯಿತ್ತು. ಅಪ್ಪನಿಗೆ ರಜೆ ಸಿಗಲಿಲ್ಲ, ಅವ್ವ ನಾನು ಇಬ್ಬರೇ ಕಾಕಾನ ಗಾಡಿಯಲ್ಲಿ ಹೊರಟೆವು. ದಾರಿಯಲ್ಲಿ ಬ್ಯಾಡಗಿ. ಗಾಡಿ ನಿಲ್ಲುವ ಮೊದಲೇ ಅವ್ವ ಕಿಟಕಿಯಿಂದ ಕುತ್ತಿಗೆ ಚಾಚಿದಳು. ಕ್ವಾರ್ಟರ್ಸಿನ ಹಿತ್ತಲು ಪ್ಲಾಟ್‌ಫಾರ್ಮಿನ ತುದಿಯಿಂದ ಕಾಣುತ್ತಿತ್ತು. ಬಾವಿಯ ಪಕ್ಕ ಮಂಚದಷ್ಟು ಜಾಗ ಪೂರ್ತಿ ಕೇಸರಿಯಾಗಿತ್ತು. ತಲೆಯ ಮೇಲೆ ಸೆರಗು ಹೊದ್ದ ತೆಳ್ಳನೆಯ ಹೆಂಗಸೊಬ್ಬರು ಬುಟ್ಟಿ ಹಿಡಿದು ಗಾಡಿಯ ಒಂದೊಂದೇ ಡಬ್ಬಿಯೊಳಗೆ ಇಣುಕುತ್ತ ಓಡಿ ಬಂದರು. ಕಾಕಾ ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ನಮ್ಮ ಕಿಟಕಿಯ ಕಡೆ ಕೈ ತೋರಿಸಿದರು. ಖತೀಜಾಬಿ ಬುಟ್ಟಿಯನ್ನು ಒಳಗೆ ಕೊಟ್ಟರು. ಅಂಗೈ ಅಗಲದ ಹೂಗಳು. ಅವ್ವ ಒಂದನ್ನು ಎತ್ತಿ ನೋಡಿದಳು, ತಿರುಗಿಸಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು.

"ಇದ ಬಣ್ಣ" ಎಂದಳು. "ನಮ್ಮವ್ವನ ಬದುವಿನ ಬಣ್ಣ ಇದ."

"ನೀವು ಕಾಕಾನ ಕೈಯಾಗ ಕಳಿಸಿದ ಬೀಜ ಒಂದೂ ಹುಸಿ ಹೋಗ್ಲಿಲ್ಲ ನೋಡ್ರಿ ಅಕ್ಕಾರ" ಎಂದರು ಖತೀಜಾಬಿ, ಏದುಸಿರು ಬಿಡುತ್ತ. "ನಾ ಬಂದಾಗ ಬರೇ ಮಣ್ಣಿತ್ತು. ಆಡು ಮೇದು ಹೋಗ್ಯಾವು, ಮತ್ತೊಮ್ಮೆ ಬಿತ್ತಿಕೊಳ್ರಿ ಅಂತ ನೀವು ಹೇಳಿ ಕಳಿಸಿದ್ದು ಚೊಲೋ ಆತು."

"ಆಡು ಅಂದ್ರ ಹಂಗ ಅಲ್ರಿ" ಎಂದಳು ಅವ್ವ. "ಅದಕ್ಕೇನ ತಿಳೀತೈತಿ."

ಗಾಡಿ ಸೀಟಿ ಊದಿತು. ಇಬ್ಬರೂ ಕಿಟಕಿಯ ಸರಳಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದವರು ಗಾಡಿ ಜಗ್ಗಿದಾಗ ಬಿಟ್ಟರು. ಅವರು ಭೇಟಿಯಾದದ್ದು ಅದೊಂದೇ ಸಲ.

ಡಬ್ಬಿ ಯಾಕೆ ಖಾಲಿಯಾಗಿತ್ತೆಂದು ನನಗೆ ಆಗ ತಿಳಿಯಿತು. ತಾನು ಕಾಣದಿದ್ದರೂ ಸರಿ ಎಂದು ತವರಿನ ಕೊನೆಯ ಹಿಡಿ ಬೀಜವನ್ನು ಅವಳು ನಾನು ಬರಿದು ಮಾಡಿದ ಪಾತಿಗೆ ಕಳಿಸಿಬಿಟ್ಟಿದ್ದಳು. ಆ ಆಡು ಯಾರೆಂಬುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಬುಟ್ಟಿಯ ಮೇಲೆ ಬಿದ್ದು ಬಿಕ್ಕಿದೆ.

"ಬುಟ್ಟಿ ನೆಟ್ಟಗ ಹಿಡಿ, ಹೂ ಜಜ್ಜತಾವ" ಎಂದಳು ಅವ್ವ. ಆಮೇಲೆ ನನ್ನ ಬಲಗೈ ಎತ್ತಿ ಮೂಗಿಗೆ ಹಿಡಿದು ಮೂಸಿದಳು. ನನ್ನ ಮುಖ ನೋಡಿ ನಕ್ಕಳು. ಬ್ಯಾಡಗಿ ಬಿಟ್ಟ ದಿನವೂ ಅವಳು ಮೂಸಿದ್ದು ನನ್ನ ಕೈಗೆ ಹತ್ತಿದ್ದ ಎಲೆಯ ವಾಸನೆಯನ್ನೇ, ಬೆಚ್ಚಗೆ ಮಾಡಿದ್ದಲ್ಲ. ಆ ಕೈಯನ್ನು ಮೊದಲಿನಂತೆಯೇ ಮಡಿಲಲ್ಲಿಟ್ಟುಕೊಂಡಳು. ರಾಣೆಬೆನ್ನೂರು ಬರುವವರೆಗೆ ಬಿಡಲಿಲ್ಲ.

ಆ ಬುಟ್ಟಿಯ ಹೂಗಳನ್ನು ಒಣಗಿಸಿ ಅವ್ವ ಮತ್ತೆ ಗಂಟು ಕಟ್ಟಿದಳು, ಮುಂದೆ ಎಷ್ಟೋ ಊರುಗಳಲ್ಲಿ ಎಳ್ಳಮಾಸಿಗೆ ಬಿತ್ತಿದಳು, ಕೆಲವು ಕಡೆ ಹೂವನ್ನೂ ಕಂಡಳು. ಸಸಿ ಕಿತ್ತ ಮಾತನ್ನು ಮಾತ್ರ ನಾವಿಬ್ಬರೂ ಎಂದೂ ಎತ್ತಲಿಲ್ಲ. ಅವಳು ಹೋಗಿ ಬಹಳ ವರ್ಷಗಳಾದವು. ಅಪ್ಪ ಅವಳಿಗೂ ಮೊದಲೇ ಹೋದರು. ಆ ಕ್ವಾರ್ಟರ್ಸುಗಳನ್ನು ಕೆಡವಿದ್ದಾರೆ, ಬಾವಿಯನ್ನೂ ಮುಚ್ಚಿದ್ದಾರಂತೆ. ಗಂಟು ನನ್ನ ಕೈಗೆ ಬಂದಿತ್ತು. ಸಂಸಾರದ ಗಡಿಬಿಡಿಯಲ್ಲಿ ಒಂದು ವರ್ಷ ಬಿತ್ತಲಿಲ್ಲ, ಮರುವರ್ಷವೂ ಆಗಲಿಲ್ಲ, ಆಮೇಲೆ ಬಿತ್ತಿದ್ದು ಹುಟ್ಟಲಿಲ್ಲ. ಕರ್ಜಗಿಯ ಹೂವನ್ನು ನಾನು ಎರಡು ಸಲ ಕಿತ್ತೆ, ಎರಡನೆಯ ಸಲ ಸರಿಪಡಿಸಲು ಅವ್ವ ಇರಲಿಲ್ಲ.

ಮೊನ್ನೆ ಹಾರದ ಎಲೆ ಕಿತ್ತ ಮೇಲೆ ಸೊಸೆ ಕೈಗೆ ನೀರು ಹಾಕಲು ತಂಬಿಗೆ ತಂದಳು. ಬೇಡವೆಂದೆ. ಬಲಗೈಯನ್ನು ಒಮ್ಮೆ ಮೂಸಿ, ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡು, ಹೊತ್ತು ಮುಳುಗುವವರೆಗೆ ಹಾಗೇ ಕುಳಿತಿದ್ದೆ.