ಒಂದೇ ಮಗ್ಗುಲು ಬರೆದ ಹಾಳೆಗಳು

ಎಪ್ಪತ್ತರ ದಶಕದ ಆ ದಿನಗಳಲ್ಲಿ ಮಂಡ್ಯದ ನಮ್ಮ ಬೀದಿಗೆ ಕಾಕಂಬಿಯ ವಾಸನೆ ಬಂತೆಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯಲು ಶುರುವಾಯಿತೆಂದೇ ಲೆಕ್ಕ. ಅಂಥದೊಂದು ಹಂಗಾಮಿನಲ್ಲಿ, ಆಷಾಢಕ್ಕೆ ಮುಂಚೆ, ಪಕ್ಕದ ಮನೆಗೆ ಬಂಗಾಳದ ಗಂಡ ಹೆಂಡತಿ ಬಂದರು. ಆತ ಕಾರ್ಖಾನೆಯಲ್ಲಿ ಕೆಮಿಸ್ಟು. ಆಕೆ ಕಾದಂಬರಿ ಬರೆಯುತ್ತಾರೆಂದು ತಿಳಿದಾಗ ನಮ್ಮವ್ವ, "ಮತ್ತೆ ಅಡ್ಗೆ ಮಾಡೋದು ಯಾವಾಗಂತೆ?" ಎಂದಿದ್ದಳು.

ನನಗಾಗ ಒಂಬತ್ತು ವರ್ಷ. ಕುಂಟೆಬಿಲ್ಲೆ ಆಡಿ ಬೇಜಾರಾದರೆ ಅವರ ಮನೆಗೆ ನುಗ್ಗುತ್ತಿದ್ದೆ. ಆ ಅಮ್ಮನವರು ಕಡ್ಲೆಪುರಿಗೆ ಹಸಿ ಸಾಸಿವೆ ಎಣ್ಣೆ ಕಲಸಿ ಕೊಡುತ್ತಿದ್ದರು. ಘಾಟಿಗೆ ಕಣ್ಣಲ್ಲಿ ನೀರು ಬಂದರೂ ನಾನು ಬಿಡುತ್ತಿರಲಿಲ್ಲ. ನನ್ನನ್ನು 'ಖುಕು' ಎನ್ನುತ್ತಿದ್ದರು. ಅವರ ಕಡೆ ಪುಟ್ಟ ಹುಡುಗಿಯರನ್ನು ಹಾಗೆ ಕರೆಯುತ್ತಾರಂತೆ. ಹರಕು ಮುರುಕು ಕನ್ನಡದಲ್ಲೇ ಶಾಲೆಯ ಲೆಕ್ಕವನ್ನೂ ಹೇಳಿಕೊಡುತ್ತಿದ್ದರು. ಆಗ ಅವರು ಬರೆಯುತ್ತಿದ್ದದ್ದು ತಮ್ಮ ಮೊದಲ ಕಾದಂಬರಿ. ಪತ್ರಿಕೆಯೊಂದರ ದುರ್ಗಾಪೂಜೆಯ ವಿಶೇಷಾಂಕಕ್ಕೆಂದು ಅದನ್ನು ಬೇಗ ಕಲ್ಕತ್ತೆಗೆ ಕಳಿಸಬೇಕಿತ್ತು.

ಅಪ್ಪ ಮೇಷ್ಟ್ರು. ನಮ್ಮ ಮನೆಯಲ್ಲಿ ಒಂದು ಮಗ್ಗುಲು ಖಾಲಿಯಿದ್ದ ಹಾಳೆಯೆಲ್ಲ ರಫ್ ಬುಕ್ಕಿಗೇ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಡಚಿ, ದಬ್ಬಳದಲ್ಲಿ ಹೊಲಿದು ಕೊಡುತ್ತಿದ್ದರು. ಬಂಗಾಳಿ ಅಮ್ಮನವರೋ, ಅಚ್ಚಿನವರಿಗೆ ಅನುಕೂಲವಾಗಲೆಂದು ಒಂದೇ ಮಗ್ಗುಲು ಬರೆಯುತ್ತಿದ್ದರು. ಅದು ನನಗೇನು ಗೊತ್ತು? ಗಾಳಿಗೆ ಅವರ ಮೇಜಿನಿಂದ ಜಾರಿ ನೆಲದಲ್ಲಿ ಬಿದ್ದಿದ್ದ ಇಪ್ಪತ್ತು ಹಾಳೆ ತಂದು, ಹೊಲಿದು, ಅವುಗಳ ಬೆನ್ನ ಮೇಲೆ ಭಾಗಾಕಾರ ಮಾಡಿದೆ.

ಮರುದಿನ ಅವರು ನಮ್ಮ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿದ್ದವು.

"ಖುಕು, ನನ್ನ ಕಥೆ ಪೇಪರ್ ನೋಡಿದೆಯಾ?"

ಆಗ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಇಲ್ಲವೆಂದು ತಲೆಯಾಡಿಸಿದೆ.

"ದಿಟ ಏಳು, ಎತ್ಕಂಡಿಯೇನೆ?" ಎಂದಳು ಅವ್ವ.

"ಇಲ್ಲ ಕಣವ್ವ."

"ಆಸಾಡದ ಗಾಳಿ ಕಣಮ್ಮ, ಮನುಸ್ರನ್ನೇ ಆರುಸ್ಕಂಡೋಯ್ತದೆ," ಎಂದು ಅವ್ವ ಅವರಿಗೆ ಸಮಾಧಾನ ಹೇಳಿದಳು. ಇಬ್ಬರೂ ಹಿತ್ತಲು, ಚರಂಡಿ, ಕಬ್ಬಿನ ಗಾಡಿ ನಿಲ್ಲುವ ಬಯಲು ಎಲ್ಲ ಹುಡುಕಿದರು. ನಾನೂ ಜೊತೆಗೆ ಹುಡುಕಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವರು ವಾರವಿಡೀ ಬಾಗಿಲು ಹಾಕಿಕೊಂಡು ಕಳೆದದ್ದನ್ನು ಮತ್ತೆ ಬರೆದರು. ಬಾಗಿಲು ತೆರೆದ ದಿನ ನಾನು ಎಂದಿನಂತೆ ಲೆಕ್ಕ ಹೇಳಿಸಿಕೊಳ್ಳಲು ಓಡಿದೆ, ಖುಷಿಯಲ್ಲಿ ಮೈಮರೆತು ಅದೇ ರಫ್ ಬುಕ್ಕು ಹಿಡಿದುಕೊಂಡು. ಅವರು ಪುಟ ತಿರುವಿದರು. ಹಿಂಬದಿಯಲ್ಲಿದ್ದ ತಮ್ಮದೇ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಭಾಗಾಕಾರದ ತಪ್ಪು ತಿದ್ದಿ ಪುಸ್ತಕ ವಾಪಸು ಕೊಟ್ಟರು. ಸಂಜೆ ನಮ್ಮ ಜಗಲಿಯ ಮೇಲೆ ಒಂದು ದಸ್ತು ಬಿಳಿ ಹಾಳೆಯಿತ್ತು. "ಆ ತಾಯಿಗೆ ನಿನ್ ಮೇಲೆ ಎಷ್ಟ್ ಪಿರೂತಿ ನೋಡು," ಎಂದಳು ಅವ್ವ.

ನಾನು ಮತ್ತೆ ಆ ಮನೆಗೆ ಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಅವರು ಮಂಡ್ಯ ಬಿಟ್ಟರು. ಹೊರಡುವ ದಿನ ಬಾಗಿಲಲ್ಲಿ ನಿಂತು "ಖುಕು" ಎಂದು ಎರಡು ಸಲ ಕರೆದರು. ನಾನು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗಿದ್ದೆ.

ಈಗ ಅವರದು ದೊಡ್ಡ ಹೆಸರು. ಈಚೆಗೆ ಆ ಕಾದಂಬರಿ ಕನ್ನಡಕ್ಕೂ ಬಂದಿದೆ. ಎರಡನೆಯ ಸಲ ಬರೆದದ್ದು ಯಾವ ಭಾಗವೋ ಎಂದು ಪುಟಪುಟದಲ್ಲೂ ಹುಡುಕಿದೆ, ತಿಳಿಯಲಿಲ್ಲ. ಮೊದಲು ಬರೆದದ್ದು ನನ್ನ ಟ್ರಂಕಿನಲ್ಲಿದೆ, ನನಗೆ ಬಂಗಾಳಿ ಓದಲು ಬರುವುದಿಲ್ಲ. ಆ ಬೀದಿ ಗುರುತು ಸಿಗದಷ್ಟು ಬದಲಾಗಿದೆ, ಅವ್ವನೂ ಇಲ್ಲ. ಪುಸ್ತಕದಲ್ಲಿ ವಿಳಾಸವಿದೆ. ಕಾಗದ ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಅವರಿಗೆ ಗೊತ್ತಿರುವುದನ್ನೇ ನಾನು ಹೇಳಬೇಕು. ಲೋಕದಲ್ಲಿ ನನ್ನನ್ನು ಖುಕು ಎಂದು ಕರೆದವರು ಅವರೊಬ್ಬರೇ, ಮತ್ತು ನಾನು ಇನ್ನೂ ವಾಡೆಯ ಹಿಂದೆಯೇ ಇದ್ದೇನೆ.