ಖಾರದ ಕಲ್‌ಕಲ್

ಅಪ್ಪ ಹೋಗಿ ಐದು ತಿಂಗಳಾಗಿತ್ತು. ಅಮ್ಮ ಮಾತು ಬಿಟ್ಟೂ ಅಷ್ಟೇ ದಿನವಾಗಿತ್ತು. ಡಿಸೆಂಬರ್ ಹೊತ್ತಿಗೆ ಊಟವನ್ನೂ ಬಿಡತೊಡಗಿದಳು. ಹೆಬ್ಬಾಳದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನೂ ಕಾಣಿಸ್ತಿಲ್ಲ. ಆದ್ರೆ ಇನ್ನೊಂದ್ ವಾರ ಹಿಂಗೇ ಆದ್ರೆ ಮೂಗಿಂದ ಟ್ಯೂಬ್ ಹಾಕ್ಬೇಕಾಗುತ್ತೆ" ಅಂದರು. ಜನ್ಮವಿಡೀ ಮಾತಾಡಿ ನಮ್ಮ ತಲೆ ತಿಂದವಳು ಗೋಡೆ ನೋಡುತ್ತಾ ಕೂತಿದ್ದರೆ ನನಗೆ ಬರುತ್ತಿದ್ದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟಿನಲ್ಲಿ ಗಂಜಿಯ ಬಟ್ಟಲನ್ನು ಎರಡು ಸಲ ಕುಕ್ಕಿದ್ದೂ ಇದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತಿದ್ದೂ ಇದೆ.

ಸಾವಾದ ಮನೆಯಲ್ಲಿ ಆ ವರ್ಷದ ಕ್ರಿಸ್‌ಮಸ್‌ಗೆ ಸ್ಟಾರ್ ಕಟ್ಟಬಾರದು, ಎಣ್ಣೆ ಬಾಣಲೆ ಇಡಬಾರದು ಎಂಬುದು ನಮ್ಮ ಬಳಗದ ರೂಢಿ. ಅಕ್ಕಪಕ್ಕದವರು ಕಳಿಸಿದ್ದನ್ನು ತಿಂದು ಸುಮ್ಮನಿರಬೇಕು. ನಾನು ಬಾಣಲೆ ಇಟ್ಟೆ. ಬೇರೆ ದಾರಿಗಳೆಲ್ಲ ಮುಗಿದಿದ್ದವು, ಉಳಿದದ್ದು ಕಲ್‌ಕಲ್ ಒಂದೇ.

ಮೈದಾಹಿಟ್ಟಿಗೆ ಸಕ್ಕರೆ, ಮೊಟ್ಟೆ, ತೆಂಗಿನಹಾಲು ಹಾಕಿ ಕಲಸಿ, ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಮೇಲೊತ್ತಿ, ಸುರುಳಿ ಸುತ್ತಿ ಕರಿದರೆ ಕ್ರಿಸ್‌ಮಸ್ ತಿಂಡಿ ಕಲ್‌ಕಲ್. ನಮ್ಮ ಮನೆಯಲ್ಲಿ ಅದಕ್ಕೊಂದು ಹುಚ್ಚಾಟ ಅಂಟಿಕೊಂಡಿತ್ತು. ಇಡೀ ರಾಶಿಯಲ್ಲಿ ಒಂದೇ ಒಂದರೊಳಗೆ ಖಾರದಪುಡಿ ತುಂಬುವುದು. ಅದು ಸಿಕ್ಕವರು ಮುಖ ಕಿವುಚದೆ ನುಂಗಬೇಕು. ಕೆಮ್ಮಿದರೆ ರಟ್ಟಿನ ಸಾಂಟಾ ಮುಖವಾಡ ಹಾಕಿಕೊಂಡು ಕುಣಿಯಬೇಕು. ಯಾರಾದರೂ ಒಂದಕ್ಕಿಂತ ಹೆಚ್ಚು ತುಂಬಿ ಮೋಸ ಮಾಡಿದರೆ, ತುಂಬಿದವರೇ ಕುಣಿಯಬೇಕು. ಅಮ್ಮ ಒಮ್ಮೆಯೂ ಸೋತವಳಲ್ಲ. ಅಪ್ಪ ಗೆದ್ದದ್ದೇ ಇಲ್ಲ. ಅವರು ಏದುಸಿರು ಬಿಡುತ್ತಾ ನಿಂತರೆ ಅಮ್ಮ, "ಸಾಲ್ದು, ಇನ್ನೊಂದ್ ಸುತ್ತು" ಎನ್ನುತ್ತಿದ್ದಳು.

ಸುರುಳಿ ಸುತ್ತಲು ಎಂದಿನಂತೆ ಪಕ್ಕದ ಮನೆಯ ಅಜ್ಜಿ ಬಂದರು. ಅಮೃತಹಳ್ಳಿಯ ನಮ್ಮ ಬೀದಿ ಒಂದು ಕಾಲಕ್ಕೆ ಅವರ ರಾಗಿ ಹೊಲ. "ನೀರಿಳೀದಿರೋ ಗಂಟ್ಲಿಗೆ ಕಡುಬು ತುರುಕ್ದಂಗಾಯ್ತು. ಯಾಕವ್ವ ಇಂಗೆ ಮಾಡ್ತೀಯ?" ಎಂದು ಬೈಯುತ್ತಲೇ ಬಾಚಣಿಗೆ ಎತ್ತಿಕೊಂಡರು.

ಅವರು ಒಲೆಯ ಕಡೆ ತಿರುಗಿದಾಗ ಒಂದಕ್ಕೆ ಖಾರ ತುಂಬಿದೆ. ಕರಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಇದು ಅಮ್ಮನಿಗೆ ಸಿಗದೇ ಹೋದರೆ? ಇನ್ನೊಂದಕ್ಕೆ ತುಂಬಿದೆ. ಮತ್ತೊಂದಕ್ಕೆ. ಖಾರದಪುಡಿಯ ಡಬ್ಬಿಯ ತಳ ಕಂಡಾಗಲೇ ನಿಲ್ಲಿಸಿದ್ದು.

ತಟ್ಟೆಯನ್ನು ಅಮ್ಮನ ಮುಂದಿಟ್ಟೆ. ಮೊದಲು ಅಜ್ಜಿ ಒಂದು ಬಾಯಿಗೆ ಹಾಕಿಕೊಂಡರು, "ಅಯ್ಯಯ್ಯಪ್ಪೋ!" ಎಂದು ನಲ್ಲಿಯ ಹತ್ತಿರ ಓಡಿದರು. ಆಟದ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು. ನಾನು ಬಿಡಲಿಲ್ಲ. ಒಂದನ್ನು ಅಮ್ಮನ ತುಟಿಗಿಟ್ಟು, "ಅಮ್ಮಾ, ಒಂದೇ ಒಂದು. ನಿನ್ ಕಾಲಿಗ್ ಬೀಳ್ತೀನಿ" ಅಂದೆ. ಬಾಯಿ ತೆರೆದಳು. ಅಗಿದಳು.

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಖಾರವಿಲ್ಲದ್ದು ಸಿಕ್ಕಿತೇ? ಅಥವಾ ಖಾರ ಕೂಡ ಅವಳನ್ನು ಮುಟ್ಟುತ್ತಿಲ್ಲವೇ? ಹಾಗಿದ್ದರೆ ಇನ್ನು ಯಾವುದು ಮುಟ್ಟೀತು? ಗಂಡನನ್ನು ಕಳೆದುಕೊಂಡ ಮುದುಕಿಗೆ ಖಾರ ತಿನ್ನಿಸುತ್ತಿರುವ ನನ್ನಂಥ ಪಾಪಿ ಇನ್ನೊಬ್ಬಳಿಲ್ಲ ಅನ್ನಿಸಿತು. ಅಷ್ಟರಲ್ಲಿ ಅವಳ ಎಡಗಣ್ಣಿನಿಂದ ನೀರು ಇಳಿಯಿತು. ಮುಖ ಕಿವುಚಲಿಲ್ಲ. ನಿಧಾನವಾಗಿ ನುಂಗಿದಳು. ನಲ್ಲಿಯ ಹತ್ತಿರ ಕೆಮ್ಮುತ್ತಿದ್ದ ಅಜ್ಜಿಯನ್ನು ನೋಡಿದಳು. ತಟ್ಟೆಯನ್ನು ನೋಡಿದಳು. ಆಮೇಲೆ ನನ್ನನ್ನು. ಬೆರಳೆತ್ತಿ, ಮೊಳೆಗೆ ತೂಗುಹಾಕಿದ್ದ ಮುಖವಾಡ ತೋರಿಸಿದಳು.

ಮೋಸ ಸಿಕ್ಕಿಬಿದ್ದಿತ್ತು.

ಹಾಕಿಕೊಂಡೆ. ಗಡ್ಡದ ಹತ್ತಿಯಲ್ಲಿ ಅಪ್ಪನ ಹೇರಾಯಿಲ್ ವಾಸನೆ ಇನ್ನೂ ಇತ್ತು. ಐವತ್ತೆರಡು ವರ್ಷದ ಹೆಂಗಸು ನಾನು, ಮಂಡಿನೋವು ಬೇರೆ. ಆದರೂ ಅವರಂತೆಯೇ ಸೊಂಟದ ಮೇಲೆ ಕೈಯಿಟ್ಟು, ಹಾಲ್ ತುಂಬ ಧಿಮಿಧಿಮಿ ಕುಣಿದೆ. ಒಳಗೆ ಕಣ್ಣೀರು ಮೂಗು ಎಲ್ಲ ಒಂದಾಗಿ ಉಸಿರು ಕಟ್ಟಿತು. ಸಾಕಾಗಿ ಅಮ್ಮನ ಎದುರಿಗೆ ನಿಂತೆ.

ಅವಳ ತುಟಿ ಅಲುಗಿತು. ದನಿ ಕಟ್ಟಿಹೋಗಿತ್ತು, ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಸಾಲ್ದು" ಅಂದಳು.