ಮಾದಲಿಯೊಳಗಿನ ಗುಳಿಗೆ

ಅಣ್ಣ ಸಿಪ್ಪೆ ಇರುವ ಪದಾರ್ಥಗಳನ್ನು ಮಾತ್ರ ತಿನ್ನುತ್ತಿದ್ದ ಕಾಲವೊಂದಿತ್ತು. ಬಾಳೆಹಣ್ಣು, ಕಿತ್ತಳೆ, ಕಣ್ಣೆದುರೇ ಕೆತ್ತಿ ಕೊಟ್ಟ ಎಳನೀರು. ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿತ್ತು. ಹಣ್ಣನ್ನು ಮೊಣಕಾಲುಗಳ ನಡುವೆ ಹಿಡಿದು ಬಲಗೈಯಿಂದ ಸುಲಿಯುತ್ತಿದ್ದ. ವೈನಿ, ಅಂದರೆ ನನ್ನ ಅತ್ತಿಗೆ, ಮಾಡಿದ ರೊಟ್ಟಿ, ಅನ್ನ, ಸಾರು ಯಾವುದನ್ನೂ ಮುಟ್ಟುತ್ತಿರಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವನದು ನೀರೆತ್ತುವ ಮೋಟಾರು ರಿಪೇರಿಯ ಅಂಗಡಿ. ಬಿಡಿಭಾಗದ ಪೊಟ್ಟಣ ತನ್ನೆದುರೇ ಒಡೆಯದಿದ್ದರೆ ಬೇರಿಂಗ್ ಕೊಳ್ಳುವ ಆಸಾಮಿಯಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ದಿನಗಳಲ್ಲಿ ಅವನು ಗುಳಿಗೆ ಬೇಡವೆನ್ನತೊಡಗಿದ. ಲಕ್ವ ಇನ್ನೊಮ್ಮೆ ಹೊಡೆದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿ ಕಳಿಸಿದ್ದರು. ವೈನಿ ಗಾಬರಿಯಾದರು. ಗುಳಿಗೆಗಳನ್ನು ಲಟ್ಟಣಿಗೆಯಿಂದ ಪುಡಿ ಮಾಡಿ ಮಾದಲಿಯಲ್ಲಿ ಬೆರೆಸಿದರು. ಗೋಧಿ, ಬೆಲ್ಲ, ಏಲಕ್ಕಿ, ಗಸಗಸೆಯ ಮಾದಲಿ ಮೊದಲೇ ಪುಡಿಪುಡಿಯಾದ ಸಿಹಿ. ಮೇಲೆ ಹಾಲು, ತುಪ್ಪ ಸುರಿದರೆ ಒಳಗೆ ಏನಿದೆಯೆಂದು ತಿಳಿಯುವುದಿಲ್ಲ. ಅಣ್ಣನಿಗೆ ಅದೆಂದರೆ ಪ್ರಾಣ.

ಒಂದು ಬೆಳಿಗ್ಗೆ ನಾಲಿಗೆಗೆ ಕಹಿ ತಾಗಿತು. ಅವನು ಬೆರಳಿನಿಂದ ಬಟ್ಟಲು ಕೆದಕಿ ಒಂದು ಚೂರು ಹೊರತೆಗೆದ.

"ಇದರಾಗ ಏನ್ ಹಾಕೀದಿ?"

"ಏಲಕ್ಕಿ ಸಿಪ್ಪಿ ಇರಬೇಕ್ರಿ."

"ಗುಲಾಬಿ ಬಣ್ಣದ ಏಲಕ್ಕಿ ಯಾವ ಊರಾಗ ಬೆಳೀತಾರ?"

ಅಂದಿನಿಂದ ಬಾಳೆಹಣ್ಣಿನ ಊಟ ಶುರುವಾಯಿತು. ಔಷಧವೂ ಇಲ್ಲ, ಅನ್ನವೂ ಇಲ್ಲ. ಅವನು ಇಳಿದುಹೋಗುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಧಾರವಾಡದ ಮಾಳಮಡ್ಡಿಯಲ್ಲಿ ಇಂಥ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಒಂದು ಮನೆಯಿತ್ತು. ಅಲ್ಲಿಗೆ ಸೇರಿಸಿದೆವು.

ಹಗಲಿನ ಪಾಳಿಯ ನರ್ಸು ಸಿಸ್ಟರ್ ಹೆಬ್ಬಳ್ಳಿ, ವಯಸ್ಸು ನಲವತ್ತರ ಆಸುಪಾಸು. ಮೊದಲ ದಿನವೇ ವೈನಿ ಸ್ಟೀಲ್ ಡಬ್ಬಿ ಹಿಡಿದು ಅವರನ್ನು ಪಡಸಾಲೆಯಲ್ಲಿ ತಡೆದರು.

"ಸಿಸ್ಟರ್, ಇದರಾಗ ಗುಳಿಗಿ ಪುಡಿ ಕೂಡಿಸಿ ನೀವ ಕೊಟ್ಟುಬಿಡ್ರಿ. ನಿಮ್ಮ ಮ್ಯಾಲೆ ಅವರಿಗೆ ಇನ್ನೂ ಸಂಶೇ ಬಂದಿಲ್ಲ."

"ಅದಕ್ಕ ಕೂಡಸೂದಿಲ್ರಿ ಕಾಕು. ಬರಬಾರದಲ್ಲ." ವೈನಿ ಅವರಿಗೆ ಕಾಕು, ಅಣ್ಣ ಕಾಕಾ.

"ಜೀವಾನ ಹೋದಮ್ಯಾಲೆ ನಂಬಿಕಿ ಇಟ್ಕೊಂಡು ಏನ್ ಮಾಡೂದ್ರಿ?"

ಸಿಸ್ಟರ್ ಡಬ್ಬಿಯ ಮುಚ್ಚಳ ಸರಿಮಾಡಿ ವೈನಿಯ ಕೈಗೆ ವಾಪಸು ಕೊಟ್ಟರು. "ಡಾಕ್ಟರ್ ಜೋಡಿ ಮಾತಾಡೇನ್ರಿ. ಅವರೂ ಕಾಕಾರನ್ನ ನೋಡ್ಯಾರ. ಕಾಕಾರಿಗೆ ಎಲ್ಲಾ ತಿಳೀತೈತಿ. ತಿಳಿಯೋ ಮನಶ್ಯಾಗ ಕದ್ದು ಕೊಡಾಕ ಬರೂದಿಲ್ರಿ."

ಆಗ ನಾನು ವೈನಿಯ ಪಕ್ಷದಲ್ಲಿದ್ದೆ. ಅಣ್ಣ ಬದುಕಬೇಕಿತ್ತು, ಅಷ್ಟೇ.

ಸಿಸ್ಟರ್ ಕೆಲಸ ಮಾಡುವ ರೀತಿಯನ್ನು ಮುಂದಿನ ದಿನಗಳಲ್ಲಿ ಹತ್ತಿರದಿಂದ ಕಂಡೆ. ಊಟದ ತಟ್ಟೆ ಮತ್ತು ಔಷಧದ ತಟ್ಟೆ ಒಟ್ಟಿಗೆ ಬರುತ್ತಿರಲಿಲ್ಲ. ಊಟ ತಂದಾಗ ಎರಡೂ ಅಂಗೈ ಕಾಣುವಂತೆ ತಟ್ಟೆ ಇಟ್ಟು ಹೋಗುತ್ತಿದ್ದರು. ಔಷಧ ಆಮೇಲೆ. ಅಣ್ಣನ ಹೆಸರು ಕೇಳುವರು, ಅವನ ಬಾಯಿಂದಲೇ ಹೇಳಿಸುವರು, ಡಾಕ್ಟರ ಚೀಟಿಯನ್ನೂ ಗುಳಿಗೆ ಸೀಲಾಗಿರುವ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು ಓದುವರು. ಆಮೇಲೆ ಪ್ರಶ್ನೆ.

"ಕಾಕಾರ, ಇದು ರಕ್ತ ಹೆಪ್ಪುಗಟ್ಟದಂಗ ನೋಡ್ಕೊಳ್ಳೋದು. ತಗೋತೀರೇನ್ರಿ?"

"ಬ್ಯಾಡ."

"ಆತ್ರಿ. ಅರ್ಧಾ ತಾಸು ಬಿಟ್ಟು ಮತ್ತ ಕೇಳತೇನಿ."

"ಆಗೂ ಬ್ಯಾಡ ಅಂತೇನಿ."

"ಅನ್ರಿ. ಕೇಳೂದು ನನ್ನ ಕೆಲಸ."

ಬಾಗಿಲಲ್ಲಿ ನಿಂತಿದ್ದ ವೈನಿ ನನ್ನ ಕಿವಿಯಲ್ಲಿ, "ಮದುವಿಗೆ ಕರದಂಗ ಕರಿಯಾಕತ್ತಾರಲ್ಲ ಇವರು" ಅಂದರು. ಅಣ್ಣ ಬೇಡವೆಂದಾಗಲೆಲ್ಲ ಸಿಸ್ಟರ್ ಅದನ್ನು 'ಬೇಡವೆಂದರು' ಎಂದೇ ಆಗಲೇ ಬರೆದುಕೊಂಡರು. ಡಾಕ್ಟರಿಗೆ ಫೋನು ಮಾಡಿದರು. ರಕ್ತದೊತ್ತಡ ನೋಡಿ ಅದನ್ನೂ ತಿಳಿಸಿದರು. ಒತ್ತಡ ಹೆಚ್ಚೇ ಇತ್ತು. ಆ ಸಂಗತಿಯನ್ನು ನಮ್ಮಿಂದಲೂ ಮುಚ್ಚಿಡಲಿಲ್ಲ, ಅಣ್ಣನಿಂದಲೂ ಮುಚ್ಚಿಡಲಿಲ್ಲ. ಹೆದರಿಸುವ ದನಿಯಲ್ಲೂ ಹೇಳಲಿಲ್ಲ.

ಮೂರನೆಯ ದಿನ ಅಣ್ಣ ಸಿಸ್ಟರ್ ತಂದ ಗಂಜಿಯನ್ನು ಕುಡಿದ. ಸಿಸ್ಟರ್ ಖಾಲಿ ಬಟ್ಟಲು ತೆಗೆದುಕೊಳ್ಳುತ್ತ, ತರಕಾರಿ ಭಾವ ವಿಚಾರಿಸುವಷ್ಟು ಸಹಜವಾಗಿ ಕೇಳಿದರು: "ಅಲ್ರಿ ಕಾಕಾರ, ಗುಳಿಗಿ ಯಾಕ ಬ್ಯಾಡ?"

ಪತ್ರಿಕೆಯ ಡೆಸ್ಕಿನಲ್ಲಿ ವರದಿ ತಿದ್ದುವುದು ನನ್ನ ಕೆಲಸ; ಸಂಬಂಧಪಟ್ಟವರನ್ನೇ ಕೇಳದೆ ಬಂದ ವರದಿಯನ್ನು ಹಿಂದಕ್ಕೆ ಕಳಿಸುತ್ತೇನೆ. ಅಣ್ಣನಿಗೆ ನಾವೆಲ್ಲ ತಗೋ ಎಂದಿದ್ದೆವು. ಯಾಕೆ ಬೇಡವೆಂದು ಯಾರೂ ಕೇಳಿರಲಿಲ್ಲ.

ಅಣ್ಣ ಗೋಡೆ ನೋಡುತ್ತ ಹೇಳಿದ. "ಗಂಟಲದಾಗ ನಿಂದರತೈತಿ ತಂಗಿ. ಇಳಿಯೂದ ಇಲ್ಲ. ಉಸರ ಕಟ್ಟಿದಂಗ ಆಗತೈತಿ."

"ಮನ್ಯಾಗ ಹೇಳಬೇಕಿತ್ತಲ್ರಿ."

"ಏನಂತ ಹೇಳೂದು? ಗಂಡಸ ಮನಶ್ಯಾಗ ಒಂದು ಗುಳಿಗಿ ನುಂಗಾಕ ಆಗವಲ್ದು ಅಂತ? ಆಮ್ಯಾಲೆ ಇಕಿ ಕದ್ದು ಹಾಕಾಕ ಹತ್ತಿದ್ಲು. ಅವಾಗ ದಿನಾ ತಲಿ ಗಿರ್ ಅಂತಿತ್ತು. ಬಚ್ಚಲದಾಗ ಬಿದ್ದೆ. ಇಕಿ ಏನ ಹಾಕ್ಯಾಳಂತ ನನಗೇನ ಗೊತ್ತು?"

ಬಚ್ಚಲಲ್ಲಿ ಬಿದ್ದದ್ದು ನಮಗೆ ಗೊತ್ತಿತ್ತು. ಕಾಲಿನ ಬಲಹೀನತೆ ಎಂದುಕೊಂಡಿದ್ದೆವು. ಸಿಸ್ಟರ್ ಅದನ್ನು ಹಾಗೆ ಬಿಡಲಿಲ್ಲ. ಯಾವ ಯಾವ ಗುಳಿಗೆಯನ್ನು ಪುಡಿ ಮಾಡಿದಿರೆಂದು ವೈನಿಯನ್ನು ಕೇಳಿದರು. ಎಲ್ಲವನ್ನೂ, ಎಂದರು ವೈನಿ. ಸಂಜೆ ಬಂದ ಡಾಕ್ಟರು ಗುಲಾಬಿ ಗುಳಿಗೆಯ ಪಟ್ಟಿ ಎತ್ತಿ ತೋರಿಸಿದರು. ಅದು ರಕ್ತದೊತ್ತಡದ್ದು, ಇಡೀ ದಿನ ಸ್ವಲ್ಪ ಸ್ವಲ್ಪವೇ ಕರಗುವಂತೆ ಮಾಡಿದ್ದು. ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಮ್ಮೆಲೇ ಮೈಗೆ ಹತ್ತುತ್ತದೆ. ಒತ್ತಡ ದಿಢೀರನೆ ಕುಸಿದು ತಲೆ ಸುತ್ತಿರಬಹುದು.

ವೈನಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತುಬಿಟ್ಟರು.

"ಉಳಸಾಕ ಹೋಗಿದ್ರಿ ಕಾಕು. ಯಾರ್ನೂ ಕೇಳಿರಲಿಲ್ಲ, ಅಷ್ಟ," ಎಂದರು ಸಿಸ್ಟರ್. ಆ ಮಾತಿನಲ್ಲಿ ತಪ್ಪನ್ನು ಮುಚ್ಚಿರಲಿಲ್ಲ, ಮನುಷ್ಯರನ್ನು ಬಯ್ದೂ ಇರಲಿಲ್ಲ. ನಾನು ಆಗಾಗ ಅದನ್ನು ನೆನೆಯುತ್ತೇನೆ.

ಡಾಕ್ಟರು ಅಣ್ಣನಿಗೆ ನೀರು ಕುಡಿಸಿ ನುಂಗುವುದನ್ನು ಪರೀಕ್ಷಿಸಿದರು. ಗುಲಾಬಿ ಗುಳಿಗೆಯನ್ನು ಬದಲಿಸಿ ಸಣ್ಣದೊಂದನ್ನು ಬರೆದರು, ಮತ್ತೊಂದರ ಬದಲು ಸಿರಪ್ ಕೊಟ್ಟರು. ಮರುದಿನ ಸಿಸ್ಟರ್ ಅಣ್ಣನನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ಸ್ವಲ್ಪ ಎದೆಯ ಕಡೆ ಬಾಗಿಸಿ ನುಂಗುವುದನ್ನು ತೋರಿಸಿದರು. ಗುಳಿಗೆಯನ್ನು ತಾವೇ ಬಿಡಿಸಿ ಕೊಡಲಿಲ್ಲ. ಇಡೀ ಪಟ್ಟಿಯನ್ನೇ ಅಣ್ಣನ ಮುಂದೆ ಹಿಡಿದರು. ಅವನು ಹಿಂದೆ ಮುಂದೆ ನೋಡಿ, ಬಲಗೈ ಹೆಬ್ಬೆರಳಿನಿಂದ ಒತ್ತಿದ. ಗುಳಿಗೆ ಪುಟಿದು ಬಟ್ಟಲಿಗೆ ಬಿತ್ತು.

"ಸೀಲ್ ಐತಿ," ಎಂದ. ನುಂಗಿದ. ಸಿಸ್ಟರ್ ಬಾಯಿ ತೆರೆಸಿ ನೋಡಿ, ಆಮೇಲಷ್ಟೇ ಬರೆದುಕೊಂಡರು.

ಆದರೆ ವೈನಿಯ ಡಬ್ಬಿಯನ್ನು ಅವನು ಇನ್ನೂ ಮುಟ್ಟುತ್ತಿರಲಿಲ್ಲ. ಅವರು ದಿನಾ ಹುಬ್ಬಳ್ಳಿಯಿಂದ ತರುತ್ತಿದ್ದರು, ದಿನಾ ಹಾಗೇ ಒಯ್ಯುತ್ತಿದ್ದರು. ಕಡೆಗೊಮ್ಮೆ ಸಿಸ್ಟರ್, "ಕಾಕು, ನೀವೂ ಇಲ್ಲೇ ಕಾಕಾರ ಮುಂದ ಊಟಾ ಮಾಡ್ರಿ" ಎಂದರು.

ವೈನಿ ಅಂದು ಮಾದಲಿ ತಂದಿದ್ದರು. ಹಾಲಿನಲ್ಲಿ ಮೆತ್ತಗೆ ನೆನೆಸಿ, ಅಣ್ಣನ ಎದುರು ಕುಳಿತು, ಅದೇ ಬಟ್ಟಲಿನಿಂದ ಮೊದಲ ತುತ್ತು ತಾವೇ ತಿಂದರು. "ಅವತ್ತು ಗುಳಿಗಿ ಹಾಕಿದ್ದೆ," ಎಂದರು. "ಇವತ್ತು ಏನೂ ಹಾಕಿಲ್ರಿ."

ಅಣ್ಣ ವೈನಿಯ ಮುಖವನ್ನೇ ನೋಡುತ್ತಿದ್ದ. ಬಾಯಿ ತೆರೆದ. ಅವರು ಇಟ್ಟ ತುತ್ತನ್ನು ನಿಧಾನವಾಗಿ ನುಂಗಿದ.

"ಬೆಲ್ಲ ಕಡಿಮಿ ಆಗೇತಿ."

"ಡಾಕ್ಟರ್ ಕಡಿಮಿ ಮಾಡ ಅಂದಾರ್ರಿ."

"ಹಾಕಿದ್ದೂ ಹೇಳಬೇಕು, ತಗದಿದ್ದೂ ಹೇಳಬೇಕು," ಎಂದು ಅಣ್ಣ ಮತ್ತೆ ಬಾಯಿ ತೆರೆದ.